ಕ್ಯಾನ್ಸರ್ ಬಗ್ಗೆ ತಿಳಿಯಬೇಕಾದಾಗ: ಮೊದಲು ಫೈಲು ತೆರೆಯಿರಿ, ಆಮೇಲೆ ಮೊಬೈಲು

ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನದಿಂದಲೇ ಮಾಹಿತಿ ಎಲ್ಲ ದಿಕ್ಕಿನಿಂದಲೂ ನುಗ್ಗತೊಡಗುತ್ತದೆ. ನೆಂಟರು ಫೋನು ಮಾಡಿ ತಮಗೆ ಗೊತ್ತಿರುವವರ ಕಥೆ ಹೇಳುತ್ತಾರೆ. ವಾಟ್ಸಾಪಿನಲ್ಲಿ ಕಷಾಯ, ಎಲೆ, ಹಣ್ಣುಗಳ ಸಂದೇಶಗಳು ಬಂದು ಬೀಳುತ್ತವೆ. ಮಗನೋ ಸೊಸೆಯೋ ರಾತ್ರಿಯೆಲ್ಲ ಮೊಬೈಲ್ ಹಿಡಿದು ಕೂತು, ಬೆಳಗಾಗುವಷ್ಟರಲ್ಲಿ ಇದ್ದ ಧೈರ್ಯವನ್ನೂ ಕಳೆದುಕೊಂಡಿರುತ್ತಾರೆ. ಇಷ್ಟೆಲ್ಲ ಓದಿ, ಕೇಳಿದ ಮೇಲೂ ವೈದ್ಯರ ಮುಂದೆ ಕೂತಾಗ ಏನು ಕೇಳಬೇಕೆಂದು ತೋಚುವುದಿಲ್ಲ.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಕ್ಯಾನ್ಸರ್ ಎಂಬುದು ನೂರಕ್ಕೂ ಹೆಚ್ಚು ಬೇರೆಬೇರೆ ಕಾಯಿಲೆಗಳಿಗೆ ಇರುವ ಒಂದೇ ಹೆಸರು. ಥೈರಾಯ್ಡ್ ಗ್ರಂಥಿಗೆ ಸಾಮಾನ್ಯವಾಗಿ ಬರುವ ಬಗೆಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ಬಹುಪಾಲು ಜನ ದಶಕಗಳ ಕಾಲ ಬದುಕುತ್ತಾರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಆ ಭರವಸೆ ಕೊಡಲಾಗದು. ಎರಡರ ಬಗ್ಗೆಯೂ ಒಟ್ಟಿಗೆ ಓದಿದವರಿಗೆ ಉಳಿಯುವುದು ಭಯ ಮಾತ್ರ. ಉಪಯೋಗಕ್ಕೆ ಬರುವುದು ನಿಮ್ಮವರಿಗೆ ಬಂದಿರುವ ಕ್ಯಾನ್ಸರಿನ ಮಾಹಿತಿ. ಅದರ ಸರಿಯಾದ ಹೆಸರು, ವಿಳಾಸ ಎರಡೂ ನಿಮ್ಮ ಕೈಯಲ್ಲಿರುವ ಆಸ್ಪತ್ರೆಯ ಕಾಗದಗಳಲ್ಲೇ ಇವೆ.

ಫೈಲು ಕಟ್ಟಿಕೊಳ್ಳುವುದು

ಮನೆಯ ಒಬ್ಬರು ಈ ಕೆಲಸ ವಹಿಸಿಕೊಳ್ಳಲಿ. ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳುತ್ತೇವೆಂದು ಹೊರಟರೆ ಬೇಕಾದ ದಿನ ಬೇಕಾದ ಕಾಗದ ಯಾರ ಬಳಿಯೂ ಇರುವುದಿಲ್ಲ. ಒಂದು ದಪ್ಪ ಫೈಲು, ಒಂದು ನೋಟ್‌ಬುಕ್ಕು ಸಾಕು. ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಮಾಡಿದ ಪರೀಕ್ಷೆಯ ವರದಿ ಎಲ್ಲಕ್ಕಿಂತ ಮೇಲಿರಲಿ. ಅದರ ಕೆಳಗೆ ಸಿಟಿ, ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ವರದಿ, ಆಪರೇಷನ್ ಆಗಿದ್ದರೆ ಅದರ ಟಿಪ್ಪಣಿ, ತೆಗೆದ ಗಡ್ಡೆಯ ಪರೀಕ್ಷಾ ವರದಿ, ಡಿಸ್ಚಾರ್ಜ್ ಚೀಟಿ, ರಕ್ತಪರೀಕ್ಷೆಗಳು ತಾರೀಖಿನ ಕ್ರಮದಲ್ಲಿರಲಿ. ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಇನ್ನೊಬ್ಬ ವೈದ್ಯರು ನೋಡಬೇಕಾಗಿ ಬಂದಾಗ ಅವರಿಗೆ ಬರಹಕ್ಕಿಂತ ಚಿತ್ರಗಳೇ ಬೇಕಾಗುತ್ತವೆ. ಪ್ರತಿ ಕಾಗದದ ಫೋಟೊ ತೆಗೆದು ಮೊಬೈಲಿನಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ರೋಗಿಗೆ ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ, ಬಿ.ಪಿ., ದಿನವೂ ನುಂಗುವ ಮಾತ್ರೆಗಳು, ಒಗ್ಗದ ಔಷಧಗಳನ್ನು ಬರೆಯಿರಿ.

ದಾಖಲೆ ಕೇಳಲು ಹಿಂಜರಿಯಬೇಡಿ. ಅದು ರೋಗಿಯ ಹಕ್ಕು. ರೋಗಿ ಅಥವಾ ರೋಗಿಯಿಂದ ಅಧಿಕಾರ ಪಡೆದವರು ಕೇಳಿದರೆ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡವಳಿಕೆ ನಿಯಮಗಳು ಹೇಳುತ್ತವೆ. ಬಾಯಿಮಾತಿನಲ್ಲಿ ಕೇಳಿ ಕೆಲಸವಾಗದಿದ್ದರೆ ತಾರೀಖು ಹಾಕಿ ಅರ್ಜಿ ಬರೆದುಕೊಟ್ಟು, ಅದರ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ.

ಇನ್ನೊಂದು ವಸ್ತುವಿನ ಬಗ್ಗೆ ಬಹಳ ಕುಟುಂಬಗಳಿಗೆ ಗೊತ್ತೇ ಇರುವುದಿಲ್ಲ. ಬಯಾಪ್ಸಿಯಲ್ಲಿ ತೆಗೆದ ತುಣುಕನ್ನು ಪ್ರಯೋಗಾಲಯದವರು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ತೆಳ್ಳಗೆ ಸೀಳಿ ಗಾಜಿನ ಮೇಲೆ ಇಟ್ಟದ್ದು ಸ್ಲೈಡ್. ದೊಡ್ಡ ಆಸ್ಪತ್ರೆಗೆ ಹೋದಾಗ ಅಲ್ಲಿನವರು ವರದಿಯ ಜೊತೆಗೆ ಇವೆರಡನ್ನೂ ಕೇಳುತ್ತಾರೆ. ಊರಿನಿಂದ ಹೊರಡುವ ಮೊದಲೇ ತೆಗೆದುಕೊಂಡರೆ ಮತ್ತೊಂದು ಓಡಾಟ ತಪ್ಪುತ್ತದೆ.

ಗಡ್ಡೆಗೆ ಸೂಜಿ ಅಥವಾ ಚಾಕು ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ಹೆದರಿಕೆಯಿಂದ ತಿಂಗಳುಗಟ್ಟಲೆ ಪರೀಕ್ಷೆ ಮುಂದೂಡುವವರಿದ್ದಾರೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವ ಸಾಧ್ಯತೆ ತೀರಾ ವಿರಳ. ಪರೀಕ್ಷೆ ತಡಮಾಡಿದರೆ ಗಡ್ಡೆ ಬೆಳೆಯುವ ಅಪಾಯವೇ ದೊಡ್ಡದು. ಕೆಲವು ಅಂಗಗಳ ವಿಷಯದಲ್ಲಿ, ಉದಾಹರಣೆಗೆ ವೃಷಣದ ಗಡ್ಡೆಯಲ್ಲಿ, ಹೇಗೆ ತೆಗೆಯಬೇಕೆಂಬ ಎಚ್ಚರಿಕೆಯ ಕ್ರಮಗಳಿವೆ. ಅದನ್ನು ವೈದ್ಯರೇ ನೋಡಿಕೊಳ್ಳುತ್ತಾರೆ.

ವರದಿಯಲ್ಲಿ ಏನನ್ನು ನೋಡಬೇಕು

ವರದಿಯ ಇಂಗ್ಲಿಷ್ ಕಂಡು ಗಾಬರಿಯಾಗಬೇಡಿ. ಅದರಿಂದ ಹೆಕ್ಕಿ ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕಾದ್ದು ಕೆಲವೇ ಸಂಗತಿಗಳು: ಕ್ಯಾನ್ಸರ್ ಹುಟ್ಟಿದ್ದು ಯಾವ ಅಂಗದಲ್ಲಿ, ಯಾವ ಬಗೆಯ ಜೀವಕೋಶದಿಂದ, ಗ್ರೇಡ್ ಎಷ್ಟು, ಸ್ಟೇಜ್ ಎಷ್ಟು, ವಿಶೇಷ ಪರೀಕ್ಷೆಗಳ ಫಲಿತಾಂಶವೇನು.

ಗ್ರೇಡ್ ಬೇರೆ, ಸ್ಟೇಜ್ ಬೇರೆ. ಸೂಕ್ಷ್ಮದರ್ಶಕದಲ್ಲಿ ಕಂಡಾಗ ಜೀವಕೋಶಗಳು ಎಷ್ಟು ವಿಕಾರವಾಗಿವೆ, ಎಷ್ಟು ವೇಗವಾಗಿ ಬೆಳೆಯುವಂತೆ ಕಾಣುತ್ತವೆ ಎಂಬುದು ಗ್ರೇಡ್. ರೋಗ ದೇಹದಲ್ಲಿ ಎಲ್ಲಿಯವರೆಗೆ ಹೋಗಿದೆ ಎಂಬುದು ಸ್ಟೇಜ್. ವರದಿಯಲ್ಲಿ ‘ಗ್ರೇಡ್ 3’ ಎಂದು ಓದಿ ಮೂರನೇ ಹಂತ ಎಂದುಕೊಂಡು ಕಣ್ಣೀರಿಡುವ ಮನೆಗಳು ಎಷ್ಟೋ. ಗ್ರೇಡ್ 3 ಇರುವ ಚಿಕ್ಕ ಗಡ್ಡೆ ಮೊದಲ ಹಂತದಲ್ಲೇ ಇರಬಹುದು. ಸ್ಟೇಜನ್ನು ಸಾಮಾನ್ಯವಾಗಿ ಟಿ, ಎನ್, ಎಂ ಎಂಬ ಮೂರು ಅಕ್ಷರಗಳಲ್ಲಿ ಬರೆಯುತ್ತಾರೆ. ಟಿ ಎಂದರೆ ಮೂಲ ಗಡ್ಡೆಯ ಗಾತ್ರ ಅಥವಾ ಆಳ, ಎನ್ ಎಂದರೆ ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ತಲುಪಿದೆಯೇ ಎಂಬುದು, ಎಂ ಎಂದರೆ ದೂರದ ಅಂಗಗಳಿಗೆ ಹರಡಿದೆಯೇ ಎಂಬುದು. ಎಂ ಪಕ್ಕದಲ್ಲಿ ಸೊನ್ನೆ ಇದ್ದರೆ ದೂರಕ್ಕೆ ಹರಡಿದ ಗುರುತು ಸಿಕ್ಕಿಲ್ಲವೆಂದರ್ಥ.

ವಿಶೇಷ ಪರೀಕ್ಷೆಗಳು ಏಕೆ ಮುಖ್ಯವೆಂಬುದಕ್ಕೆ ಸ್ತನ ಕ್ಯಾನ್ಸರನ್ನೇ ತೆಗೆದುಕೊಳ್ಳೋಣ. ಆ ವರದಿಯಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರುಗಳಿರುತ್ತವೆ. ಮೊದಲಿನ ಎರಡರಲ್ಲಿ ಒಂದಾದರೂ ಪಾಸಿಟಿವ್ ಆಗಿದ್ದರೆ ಗಡ್ಡೆ ಹಾರ್ಮೋನಿನ ಬಲದಿಂದ ಬೆಳೆಯುತ್ತಿದೆ ಎಂದರ್ಥ. ಅದನ್ನು ತಡೆಯುವ ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್‌ನಂತಹ ಮಾತ್ರೆಗಳನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೊಡುತ್ತಾರೆ. ಹರ್-2 ಪಕ್ಕದಲ್ಲಿ 3+ ಇದ್ದರೆ ಪಾಸಿಟಿವ್. ಆಗ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ಕೆಲಸಕ್ಕೆ ಬರುತ್ತದೆ. ಒಂದು ಕಾಲದಲ್ಲಿ ಕೈಗೆಟುಕದಷ್ಟು ದುಬಾರಿಯಾಗಿದ್ದ ಈ ಔಷಧದ ಅಗ್ಗದ ಸದೃಶ ರೂಪವನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2+ ಎಂದಿದ್ದರೆ ಅದು ತೀರ್ಮಾನವಾಗದ ಫಲಿತಾಂಶ. ‘ಫಿಶ್’ ಎಂಬ ಇನ್ನೊಂದು ಪರೀಕ್ಷೆ ಆಗಲೇಬೇಕು. ‘ಇದನ್ನು ಮಾಡಿಸಿದ್ದೀರಾ?’ ಎಂದು ಕೇಳಿದರೆ ಸರಿಯಾದ ಔಷಧ ತಪ್ಪಿಹೋಗುವುದನ್ನು ತಡೆದಂತಾಗುತ್ತದೆ. ಮೂರೂ ನೆಗೆಟಿವ್ ಆಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ. ಪಕ್ಕದ ಬೀದಿಯ ಅತ್ತೆಯವರಿಗೆ ಮಾತ್ರೆಯಲ್ಲೇ ಮುಗಿದದ್ದು, ನಿಮ್ಮ ಅಮ್ಮನಿಗೆ ಕೀಮೋ ಬೇಕಾದದ್ದು ಇದೇ ಕಾರಣಕ್ಕೆ ಇರಬಹುದು. ಶ್ವಾಸಕೋಶದ ಕ್ಯಾನ್ಸರಿನಲ್ಲಿಯೂ ಹೀಗೆಯೇ: ಇ.ಜಿ.ಎಫ್.ಆರ್., ಎ.ಎಲ್.ಕೆ. ಎಂಬ ಜೀನ್‌ಗಳ ಪರೀಕ್ಷೆಯ ಫಲಿತಾಂಶ ನೋಡಿ ಕೆಲವರಿಗೆ ಕೀಮೋ ಬದಲು ಮಾತ್ರೆಯನ್ನೇ ಕೊಡುತ್ತಾರೆ.

ರೋಗಿಗೆ ಹೇಳುವ ವಿಚಾರ

‘ಅಮ್ಮನಿಗೆ ಮಾತ್ರ ಹೇಳಬೇಡಿ ಡಾಕ್ಟರೇ’ ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಕೇಳುತ್ತದೆ. ಪ್ರೀತಿಯಿಂದಲೇ ಹುಟ್ಟಿದ ಮಾತು ಅದು, ನಿಜ. ಆದರೆ ಅಮ್ಮ ಕೂತಿರುವುದು ಕ್ಯಾನ್ಸರ್ ವಿಭಾಗದ ಬೆಂಚಿನ ಮೇಲೆ. ಬೋರ್ಡು ಓದಲು ಬಾರದಿದ್ದರೂ ಸುತ್ತಲಿನವರ ಮುಖ ಓದಲು ಬರುತ್ತದೆ. ಮನೆಯವರೆಲ್ಲ ನಟಿಸುತ್ತಿದ್ದಾರೆಂದು ಗೊತ್ತಾದ ಮೇಲೆ ಆಕೆ ತನ್ನ ನೋವನ್ನೂ ಹೇಳುವುದಿಲ್ಲ, ಬ್ಯಾಂಕಿನ ಪುಸ್ತಕ ಎಲ್ಲಿದೆ ಎಂಬುದನ್ನೂ ಹೇಳುವುದಿಲ್ಲ. ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರೂ ಆಕೆಯೇ.

ಎಲ್ಲವನ್ನೂ ಒಂದೇ ಸಲ ಹೇಳಿಬಿಡಬೇಕೆಂದಲ್ಲ. ‘ಪರೀಕ್ಷೆಯ ಫಲಿತಾಂಶ ಬಂದಿದೆ. ನಿನಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ? ಡಾಕ್ಟರನ್ನು ನೀನೇ ಕೇಳುತ್ತೀಯಾ, ನಾವು ಕೇಳಿ ಹೇಳಲಾ?’ ಎಂದು ಕೇಳಿ. ‘ನೀವೇ ನೋಡಿಕೊಳ್ಳಿ ಮಗಾ, ನನಗೆ ಬೇಡ’ ಎನ್ನುವ ಹಿರಿಯರಿದ್ದಾರೆ; ಅದೂ ಅವರ ಆಯ್ಕೆ, ಗೌರವಿಸಿ. ಕೇಳದೆಯೇ ಅವರ ಪರವಾಗಿ ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ನಾಲ್ಕು ಸರಳ ಮಾತು ಹೇಳಬೇಕು: ಅಜ್ಜಿಗೆ ಕ್ಯಾನ್ಸರ್ ಎಂಬ ಕಾಯಿಲೆ ಬಂದಿದೆ, ಇದು ಅಂಟುವುದಿಲ್ಲ, ತಬ್ಬಿಕೊಳ್ಳಬಹುದು, ಇದು ನಿನ್ನಿಂದ ಆದದ್ದಲ್ಲ. ರೋಗಿಗಾಗಲಿ ನೋಡಿಕೊಳ್ಳುವವರಿಗಾಗಲಿ ಮನಸ್ಸು ಕುಸಿದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ವೈದ್ಯರ ಮುಂದೆ

ಜನ ತುಂಬಿದ ಒಪಿಡಿಯಲ್ಲಿ ನಿಮಗೆ ಸಿಗುವುದು ಕೆಲವೇ ನಿಮಿಷ. ಹಿಂದಿನ ರಾತ್ರಿ ಕೂತು ಪ್ರಶ್ನೆಗಳನ್ನು ಬರೆದು, ಅತಿ ಮುಖ್ಯವಾದ ಮೂರನ್ನು ಮೇಲಕ್ಕೆ ತನ್ನಿ. ಕೇಳುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು ಇರಲಿ. ವೈದ್ಯರ ಅನುಮತಿ ಪಡೆದು ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಮನೆಗೆ ಬಂದು ನಿಧಾನವಾಗಿ ಕೇಳಬಹುದು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ‘ಈ ಚಿಕಿತ್ಸೆ ರೋಗವನ್ನು ಪೂರ್ತಿ ಗುಣಪಡಿಸಲೆಂದೇ, ಅಥವಾ ಹತೋಟಿಯಲ್ಲಿಟ್ಟು ನೋವು ಕಡಿಮೆ ಮಾಡಲೆಂದೇ?’ ಕೇಳಲು ನಾಲಿಗೆ ಏಳುವುದಿಲ್ಲ, ಗೊತ್ತು. ಆದರೂ ಕೇಳಿ. ಹೊಲ ಮಾರಬೇಕೇ, ಮಗಳ ಮದುವೆ ಮುಂದೂಡಬೇಕೇ, ಊರು ಬಿಟ್ಟು ಬೆಂಗಳೂರಿನಲ್ಲಿ ಮನೆ ಹಿಡಿಯಬೇಕೇ ಎಂಬ ತೀರ್ಮಾನಗಳೆಲ್ಲ ಇದರ ಉತ್ತರದ ಮೇಲೆ ನಿಂತಿರುತ್ತವೆ. ಹತೋಟಿಗೆಂದು ಉತ್ತರ ಬಂದರೆ ‘ಇನ್ನೇನೂ ಮಾಡುವಂತಿಲ್ಲ’ ಎಂದು ತಿಳಿಯಬೇಡಿ. ಕೆಲವು ಬಗೆಗಳಲ್ಲಿ ನಾಲ್ಕನೇ ಹಂತದವರೂ ಚಿಕಿತ್ಸೆಯ ಬಲದಿಂದ ವರ್ಷಗಟ್ಟಲೆ ತಮ್ಮ ಕೆಲಸ ಮಾಡಿಕೊಂಡಿರುತ್ತಾರೆ.

ಆಮೇಲೆ ಕೇಳಬೇಕಾದವು: ಚಿಕಿತ್ಸೆ ಎಷ್ಟು ದಿನದೊಳಗೆ ಶುರುವಾಗಬೇಕು, ಎರಡು ವಾರ ಕಾದರೆ ತೊಂದರೆಯೇ? ಆಪರೇಷನ್, ಕೀಮೋ, ಕರೆಂಟ್ ಕೊಡುವುದು (ರೇಡಿಯೇಶನ್) ಇವುಗಳಲ್ಲಿ ಯಾವುದು ಮೊದಲು, ಏಕೆ? ಮೂರೂ ವಿಭಾಗದ ವೈದ್ಯರು ಟ್ಯೂಮರ್ ಬೋರ್ಡಿನಲ್ಲಿ ಕೂತು ಚರ್ಚಿಸಿದ್ದಾರೆಯೇ? ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ? ಮಕ್ಕಳಾಗಬೇಕೆಂಬ ಆಸೆಯಿರುವ ಯುವಕ ಯುವತಿಯರಾಗಿದ್ದರೆ ವೀರ್ಯ ಅಥವಾ ಅಂಡಾಣು ಕಾದಿರಿಸುವ ಬಗ್ಗೆ ಕೀಮೋ ಶುರುವಾಗುವ ಮೊದಲೇ ಕೇಳಬೇಕು. ಸಂಕೋಚದಿಂದ ಬಿಟ್ಟರೆ ಆ ಅವಕಾಶ ಮತ್ತೆ ಬಾರದೆ ಹೋಗಬಹುದು.

ವೈದ್ಯರು ಹೇಳಿದ್ದು ಅರ್ಥವಾಯಿತೆಂದು ಸುಮ್ಮನೆ ತಲೆಯಾಡಿಸಬೇಡಿ. ‘ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ, ಸರಿಯೇ ನೋಡಿ’ ಎಂದು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಕೀಮೋ ವಾರ್ಡಿನ ನರ್ಸುಗಳನ್ನು ಮರೆಯಬೇಡಿ; ಊಟ, ವಾಂತಿ, ಬಾಯಿಹುಣ್ಣು, ಸ್ನಾನದಂತಹ ದಿನನಿತ್ಯದ ವಿಷಯಗಳನ್ನು ಅವರಷ್ಟು ಬಿಡಿಸಿ ಹೇಳುವವರು ಬೇರೆ ಸಿಗುವುದಿಲ್ಲ.

ಈಗ ಮೊಬೈಲು

ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಪೂರ್ತಿ ಹೆಸರನ್ನೇ ಹುಡುಕಿ: ಅಂಗ, ಬಗೆ, ಹಂತ, ಪರೀಕ್ಷೆಯ ಫಲಿತಾಂಶ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಜಾಲತಾಣದಲ್ಲಿ ಪ್ರತಿ ಬಗೆಯ ಕ್ಯಾನ್ಸರಿಗೂ ರೋಗಿಗಳಿಗಾಗಿ ಒಂದು, ವೈದ್ಯರಿಗಾಗಿ ಒಂದು ಎಂಬಂತೆ ಎರಡು ಪುಟಗಳಿವೆ. ಮೊದಲು ರೋಗಿಗಳದ್ದನ್ನು ಓದಿ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಪುಟಗಳ ಇಂಗ್ಲಿಷ್ ಇನ್ನೂ ಸರಳ. ನಮ್ಮ ದೇಶದ ಸ್ಥಿತಿಗೆ ಹೊಂದುವ ಚಿಕಿತ್ಸಾ ಕ್ರಮಗಳನ್ನು ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ಉಚಿತವಾಗಿ ಪ್ರಕಟಿಸಿದೆ. ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ನೇತೃತ್ವದಲ್ಲಿ 2012ರಲ್ಲಿ ಶುರುವಾದ ಈ ಜಾಲದಲ್ಲಿ ಇಂದು 300ಕ್ಕೂ ಹೆಚ್ಚು ಕೇಂದ್ರಗಳಿವೆ. ಕನ್ನಡದಲ್ಲಿ ಇಷ್ಟು ವಿವರವಾದ, ಹೊತ್ತುಹೊತ್ತಿಗೆ ತಿದ್ದಿದ ಮಾಹಿತಿ ಸುಲಭವಾಗಿ ಸಿಗದಿರುವುದು ನನಗೆ ಬಹಳ ನೋವಿನ ವಿಷಯ. ಮೊಬೈಲಿನ ಅನುವಾದ ಬಳಸುವುದಾದರೆ ಔಷಧದ ಹೆಸರು, ಪ್ರಮಾಣ, ‘ಇದೆ’ ‘ಇಲ್ಲ’ ಎಂಬ ಕಡೆಗಳಲ್ಲಿ ಅದನ್ನು ನೆಚ್ಚಬೇಡಿ. ಪ್ರಶ್ನೆಗೆ ಉತ್ತರಿಸುವ ಎಐ ಆ್ಯಪ್‌ಗಳಿಗೂ ಈ ಮಾತು ಅನ್ವಯಿಸುತ್ತದೆ: ವರದಿಯ ಪದಗಳ ಅರ್ಥ ತಿಳಿಯಲು, ಪ್ರಶ್ನೆಪಟ್ಟಿ ಮಾಡಲು ಬಳಸಿ, ಔಷಧ ನಿಲ್ಲಿಸುವ, ಬದಲಿಸುವ ತೀರ್ಮಾನಕ್ಕೆ ಬೇಡ. ವರದಿಯ ಫೋಟೊ ಹಾಕುವ ಮೊದಲು ಹೆಸರು, ಆಸ್ಪತ್ರೆಯ ಸಂಖ್ಯೆ, ಫೋನ್ ನಂಬರು ಮುಚ್ಚಿ.

ಅಂಕಿಗಳನ್ನು ಓದುವಾಗ ತಾಳ್ಮೆ ಬೇಕು. ‘ಅಪಾಯ ಅರ್ಧಕ್ಕರ್ಧ ಕಡಿಮೆ’ ಎಂಬ ತಲೆಬರಹ ಕಂಡರೆ ಎಷ್ಟರಿಂದ ಎಷ್ಟಕ್ಕೆ ಎಂದು ನೋಡಿ. ನೂರಕ್ಕೆ ನಾಲ್ಕು ಇದ್ದದ್ದು ಎರಡಾದರೂ ಅರ್ಧವೇ, ನಲವತ್ತು ಇಪ್ಪತ್ತಾದರೂ ಅರ್ಧವೇ. ‘ಐದು ವರ್ಷದ ಬದುಕುಳಿಯುವಿಕೆ’ ಎಂದರೆ ಐದು ವರ್ಷ ಮಾತ್ರ ಬದುಕುತ್ತಾರೆ ಎಂದಲ್ಲ. ರೋಗ ಪತ್ತೆಯಾಗಿ ಐದು ವರ್ಷವಾದಾಗ ನೂರರಲ್ಲಿ ಎಷ್ಟು ಮಂದಿ ಜೀವಂತವಾಗಿದ್ದರು ಎಂಬ ಲೆಕ್ಕ. ಅದು ಹಿಂದೆ ಚಿಕಿತ್ಸೆ ಪಡೆದವರ ಲೆಕ್ಕವಾದ್ದರಿಂದ ಈಚೆಗೆ ಬಂದ ಔಷಧಗಳ ಫಲ ಅದರಲ್ಲಿ ಪೂರ್ತಿ ಸೇರಿರುವುದಿಲ್ಲ.

ಎಲೆ, ತೊಗಟೆ, ಹಣ್ಣು

ಮಲೆನಾಡಿನ ನಾಟಿ ಮದ್ದಿಗಾಗಿ ದೂರದೂರಿನಿಂದ ಬಂದು ಸರದಿ ನಿಲ್ಲುವ ಜನರನ್ನು ಹಳಿಯಲು ನನಗೆ ಮನಸ್ಸಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸಿಗದ ಎರಡು ಸಮಾಧಾನದ ಮಾತು ಅಲ್ಲಿ ಸಿಗುತ್ತದೆ. ಆದರೆ ಗುಣವಾಗಬಹುದಾದ ಹಂತದಲ್ಲಿದ್ದವರು ಅದನ್ನೇ ನಂಬಿ ಕೂತು, ಆರು ತಿಂಗಳ ಬಳಿಕ ಗುಣವಾಗದ ಹಂತದಲ್ಲಿ ಆಸ್ಪತ್ರೆಗೆ ಬರುವುದನ್ನು ಸಹಿಸುವುದು ಕಷ್ಟ. ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸಿ ಬಾ ಎನ್ನುವವರು ಯಾರೇ ಆಗಲಿ, ಅಲ್ಲಿಂದ ಎದ್ದು ಬನ್ನಿ.

ಲಕ್ಷ್ಮಣ ಫಲದ ಸಂದೇಶ ನಿಮಗೂ ಬಂದಿರುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದರ ಸಾರ ಕ್ಯಾನ್ಸರ್ ಕೋಶಗಳನ್ನು ಕೊಂದಿರುವುದು ಹೌದು. ಮನುಷ್ಯರಲ್ಲಿ ಕ್ಯಾನ್ಸರ್ ಗುಣಪಡಿಸಿದ ಪುರಾವೆ ಇಲ್ಲ. ಬದಲಿಗೆ, ಅದನ್ನು ಹೆಚ್ಚಾಗಿ ಬಳಸುವ ಕೆರಿಬಿಯನ್ ದ್ವೀಪ ಗ್ವಾಡೆಲೂಪ್‌ನಲ್ಲಿ ಪಾರ್ಕಿನ್ಸನ್ ಹೋಲುವ ನರರೋಗಕ್ಕೂ ಅದಕ್ಕೂ ನಂಟಿರಬಹುದೆಂದು ಸಂಶೋಧಕರು ಕಂಡಿದ್ದಾರೆ. ಅರಿಸಿನ, ಅಶ್ವಗಂಧ, ಅಮೃತಬಳ್ಳಿ ಯಾವುದನ್ನೇ ಔಷಧದಂತೆ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಹೇಳಿಬಿಡಿ, ಏಕೆಂದರೆ ಕೆಲವು ಮೂಲಿಕೆಗಳು ಕೀಮೋ ಔಷಧದ ಪರಿಣಾಮವನ್ನೇ ಬದಲಿಸಬಲ್ಲವು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ‘ಅಬೌಟ್ ಹರ್ಬ್ಸ್’ ಪುಟಗಳಲ್ಲಿ ಒಂದೊಂದು ಮೂಲಿಕೆಯ ಬಗ್ಗೆಯೂ ಗೊತ್ತಿರುವುದನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಹಾಗೆ ಜಾಹೀರಾತು ಕೊಡುವವರು ಕಾನೂನು ಮುರಿಯುತ್ತಿದ್ದಾರೆಂಬುದು ನೆನಪಿರಲಿ.

ಎರಡನೆಯ ಅಭಿಪ್ರಾಯ

ಇನ್ನೊಬ್ಬರನ್ನು ಕೇಳಿದರೆ ವೈದ್ಯರು ಮುನಿಸಿಕೊಳ್ಳುತ್ತಾರೆಂಬ ಅಂಜಿಕೆ ಬೇಡ. ದೊಡ್ಡ ಆಪರೇಷನ್ನಿಗೆ ಮೊದಲು, ವಿರಳ ಬಗೆಯ ಕ್ಯಾನ್ಸರ್ ಎಂದಾಗ, ಕೇಳಿದ ಇಬ್ಬರು ಎರಡು ಬಗೆಯಾಗಿ ಹೇಳಿದಾಗ ಕೇಳಲೇಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ, ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ಓಡಾಡಲಾಗದವರು ಟಾಟಾ ಸ್ಮಾರಕ ಕೇಂದ್ರ ಮತ್ತು ಕ್ಯಾನ್ಸರ್ ಗ್ರಿಡ್ ಜೊತೆ ಸೇರಿ ಕೆಲಸ ಮಾಡುವ ‘ನವ್ಯ’ ಎಂಬ ಆನ್‌ಲೈನ್ ಸೇವೆಯ ಮೂಲಕ ವರದಿಗಳನ್ನು ಕಳಿಸಿ ತಜ್ಞರ ಅಭಿಪ್ರಾಯ ಪಡೆಯಬಹುದು. ಎರಡು ಅಭಿಪ್ರಾಯ ಒಂದೇ ಆದರೆ ಅಲ್ಲಿಗೆ ನಿಲ್ಲಿಸಿ ಚಿಕಿತ್ಸೆ ಶುರುಮಾಡಿ. ಐದಾರು ಆಸ್ಪತ್ರೆ ಸುತ್ತುವಷ್ಟರಲ್ಲಿ ಕಳೆಯುವ ವಾರಗಳು ರೋಗಕ್ಕೆ ಲಾಭ.

ಹಣದ ಮಾಹಿತಿ

ಇದನ್ನು ಮೊದಲ ದಿನವೇ ವಿಚಾರಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಚಿಕಿತ್ಸೆಗೆ ಮೊದಲೇ ಮಂಜೂರಾತಿ ಆಗಬೇಕು, ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಹಣ ಕಟ್ಟಿಬಿಟ್ಟು ಆಮೇಲೆ ಕೇಳೋಣವೆಂದರೆ ಆಗದು. ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಸಿಬ್ಬಂದಿಯಾದ ಆರೋಗ್ಯ ಮಿತ್ರರ ಮೇಜು ಎಲ್ಲಿದೆ ಎಂದು ಕೇಳಿಕೊಂಡು ಆಧಾರ್, ಪಡಿತರ ಚೀಟಿಯೊಂದಿಗೆ ಹೋಗಿ. ಫೋನಿನಲ್ಲಿ ಕೇಳಲು ಆರೋಗ್ಯ ಸಹಾಯವಾಣಿ 104, ಆಯುಷ್ಮಾನ್ ಸಹಾಯವಾಣಿ 14555 ಇವೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆಯೂ ವಿಚಾರಿಸಲಿ. ಚಿಕಿತ್ಸೆಗೆ ಓಡಾಡುವ ರೋಗಿಗೆ ರೈಲಿನ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ಣ ರಿಯಾಯಿತಿ, ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆಯಬೇಕು. ಔಷಧ ಕೊಳ್ಳುವಾಗ ಅದೇ ಔಷಧ ಬೇರೆ ಕಂಪನಿಯದು ಕಡಿಮೆ ದರಕ್ಕೆ ಇದೆಯೇ, ಜನೌಷಧಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನೇ ಕೇಳಿ.

ಚಿಕಿತ್ಸೆ ನಡೆಯುವಾಗ, ಮುಗಿದಾಗ

ಮನೆಯಲ್ಲೊಂದು ಥರ್ಮಾಮೀಟರ್ ಇರಲೇಬೇಕು. ಕೀಮೋ ಪಡೆಯುತ್ತಿರುವವರಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಬರೀ ಜ್ವರವಲ್ಲ. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕುಸಿದಿರಬಹುದು. ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ರಾತ್ರಿ ಹೊತ್ತು ಯಾವ ನಂಬರಿಗೆ ಕರೆ ಮಾಡಬೇಕು, ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಹೋಗಬಹುದು ಎಂಬುದನ್ನು ಮೊದಲ ಕೀಮೋ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ನೋವನ್ನು ಸಹಿಸಿಕೊಂಡಿರಬೇಕಾಗಿಲ್ಲ. ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ವಿಭಾಗವೆಂದರೆ ಕೊನೆಯ ದಿನಗಳಿಗೆ ಮಾತ್ರವೆಂಬ ಭಾವನೆ ತಪ್ಪು. ಗುಣವಾಗುವ ಚಿಕಿತ್ಸೆ ನಡೆಯುವಾಗಲೂ ಅಲ್ಲಿಗೆ ಹೋಗಬಹುದು. ವೈದ್ಯರು ಅಳೆದು ಕೊಡುವ ಮಾರ್ಫಿನ್ ಮಾತ್ರೆ ಚಟ ಹಿಡಿಸುತ್ತದೆಂದು ಹೆದರಿ ನಿಲ್ಲಿಸಬೇಡಿ. ರೋಗ ಮುಂದುವರಿದು ಮನೆಯಲ್ಲಿ ನೋಡಿಕೊಳ್ಳಲಾಗದಂತಾದರೆ ಬೆಂಗಳೂರಿನ ಕರುಣಾಶ್ರಯ ಎಂಬ ಆರೈಕೆ ಕೇಂದ್ರದಲ್ಲಿ ಉಚಿತ ಆರೈಕೆ ಸಿಗುತ್ತದೆ.

ಚಿಕಿತ್ಸೆ ಮುಗಿದ ದಿನ ಸಂತೋಷದಲ್ಲಿ ಒಂದು ಕಾಗದ ಕೇಳುವುದನ್ನು ಮರೆಯಬೇಡಿ: ಕೊಟ್ಟ ಕೀಮೋ ಔಷಧಗಳ ಹೆಸರು ಮತ್ತು ಒಟ್ಟು ಪ್ರಮಾಣ, ರೇಡಿಯೇಶನ್ ಯಾವ ಭಾಗಕ್ಕೆ ಎಷ್ಟು ಕೊಟ್ಟರು, ಮುಂದಿನ ತಪಾಸಣೆಗಳು ಯಾವಾಗ, ಯಾವ ಲಕ್ಷಣ ಕಂಡರೆ ತಾರೀಖಿಗೆ ಕಾಯದೆ ಬರಬೇಕು ಎಂಬುದೆಲ್ಲ ಅದರಲ್ಲಿರಬೇಕು. ಡಾಕ್ಸೊರುಬಿಸಿನ್‌ನಂತಹ ಕೆಲವು ಔಷಧಗಳು ವರ್ಷಗಳ ನಂತರವೂ ಹೃದಯದ ಮೇಲೆ ಪರಿಣಾಮ ಬೀರಬಲ್ಲವು. ಹತ್ತು ವರ್ಷದ ಬಳಿಕ ಎದೆಯುಬ್ಬಸವೆಂದು ಹೋದಾಗ ಹೊಸ ವೈದ್ಯರು ಕೇಳುವುದು ಇದನ್ನೇ. ಹತ್ತಿರದ ರಕ್ತಸಂಬಂಧಿಗಳಲ್ಲಿ ಇನ್ನಾರಿಗಾದರೂ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ, ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಅನುವಂಶೀಯ ಪರೀಕ್ಷೆ ಬೇಕೇ ಎಂದೂ ಅದೇ ಭೇಟಿಯಲ್ಲಿ ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.